ನಕ್ಷೆಯಲ್ಲಿ ಕಾಣದ ಅಂಗಳ

ಮನೆ ಕಟ್ಟುವವರ ಕೈಯಲ್ಲಿ ಒಂದು ನಕ್ಷೆ ಇದ್ದೇ ಇರುತ್ತದೆ. ಅಡುಗೆಮನೆ ಎಷ್ಟು ಅಗಲ, ಬಾಗಿಲು ಎಲ್ಲಿ, ಕಿಟಕಿ ಎಷ್ಟು ಎತ್ತರದಲ್ಲಿ, ಮೆಟ್ಟಿಲು ಎಷ್ಟು ಎಂಬುದೆಲ್ಲ ಅದರಲ್ಲಿ ಅಂಗುಲದ ಲೆಕ್ಕದಲ್ಲಿ ನಮೂದಾಗಿರುತ್ತದೆ. ಆದರೆ ಗೋಡೆಗೂ ಕಾಂಪೌಂಡಿಗೂ ನಡುವಿನ ಜಾಗದ ಮೇಲೆ ಕಣ್ಣಾಡಿಸಿ. ಅಲ್ಲಿ ಸಾಮಾನ್ಯವಾಗಿ ಸಿಗುವುದು ಒಂದೇ ಅಳತೆ, ಅದರ ಅಗಲ. ಆ ನೆಲ ಯಾವ ಕಡೆಗೆ ಇಳಿಯಬೇಕು, ಎಷ್ಟು ಇಳಿಯಬೇಕು, ಅಲ್ಲಿ ಬಿದ್ದ ಮಳೆನೀರು ಕೊನೆಗೆ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗಳಿಗೆ ನಕ್ಷೆಯಲ್ಲಿ ಉತ್ತರವಿರುವುದು ಅಪರೂಪ. ಅಂಗಳ ಎಂಬುದು ಕಾಗದದ ಮೇಲಿನ ಬಿಳಿ ಜಾಗವಾಗಿ ಉಳಿದುಬಿಡುತ್ತದೆ.

ಈ ಬಿಳಿ ಜಾಗದ ಬೆಲೆ ಮೊದಲ ಎರಡು ಮೂರು ಮಳೆಗಾಲಗಳಲ್ಲಿ ತಿಳಿಯುತ್ತದೆ. ಗೋಡೆಯ ಬುಡದಲ್ಲಿ ತೇವ ಏರುತ್ತದೆ, ಬಣ್ಣ ಸುಲಿಯುತ್ತದೆ, ಎರೆಮಣ್ಣಿನ ಊರುಗಳಲ್ಲಿ ಗೋಡೆಯೇ ಬಿರಿಯುತ್ತದೆ. ಆಗ ದೂರು ಬರುವುದು ಸಿಮೆಂಟಿನ ಮೇಲೆ, ಮೇಸ್ತ್ರಿಯ ಮೇಲೆ ಅಥವಾ ಆ ವರ್ಷದ ಮಳೆಯ ಮೇಲೆ. ಬಹಳ ಸಲ ನಿಜವಾದ ದೋಷ ನಕ್ಷೆಯಲ್ಲಿಯೇ ಇರುತ್ತದೆ. ಆದ್ದರಿಂದ ಮನೆಯ ನಕ್ಷೆಯನ್ನು ಒಂದು ವೈಜ್ಞಾನಿಕ ದಾಖಲೆಯೆಂದು ಪರಿಗಣಿಸಿ ವಿಮರ್ಶಿಸುವುದು ಈ ಲೇಖನದ ಉದ್ದೇಶ. ನಕ್ಷೆ ಬಿಟ್ಟ ಜಾಗವನ್ನು ತುಂಬಲು ಬರುವ ಕೆಲವು ಜನಪ್ರಿಯ ಸಲಹೆಗಳನ್ನೂ ಜೊತೆಗೇ ಪರಿಶೀಲಿಸೋಣ.

ನೀರಿನ ಲೆಕ್ಕ

ಮೊದಲು ಪ್ರಮಾಣವನ್ನು ತಿಳಿಯಬೇಕು. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್ ನೀರು. 30 ಅಡಿ ಅಗಲ, 40 ಅಡಿ ಉದ್ದದ ನಿವೇಶನದ ವಿಸ್ತೀರ್ಣ 1,200 ಚದರ ಅಡಿ, ಎಂದರೆ ಸುಮಾರು 111 ಚದರ ಮೀಟರ್. ಅಲ್ಲಿ 50 ಮಿಮೀ ಮಳೆಯಾದರೆ ಸುಮಾರು 5,500 ಲೀಟರ್ ನೀರು ಬೀಳುತ್ತದೆ. ಬೇಸಿಗೆಯಲ್ಲಿ ನಾವು ಹಣ ಕೊಟ್ಟು ತರಿಸುವ ಒಂದು ಟ್ಯಾಂಕರ್ ನೀರಿಗೆ ಇದು ಹೆಚ್ಚುಕಡಿಮೆ ಸಮ.

ಒಟ್ಟು ಪ್ರಮಾಣಕ್ಕಿಂತಲೂ ಮುಖ್ಯವಾದದ್ದು ನೀರು ಬರುವ ವೇಗ. ನೆಲದ ಮೇಲೆ ಹರಿದುಬರುವ ನೀರನ್ನು ಅಂದಾಜು ಮಾಡಲು ಎಂಜಿನಿಯರುಗಳು ಬಳಸುವ ಒಂದು ಹಳೆಯ ಸರಳ ಸೂತ್ರವಿದೆ. ಐರ್ಲೆಂಡಿನ ಮಲ್ವೇನಿ 1851ರಲ್ಲಿ ಅದರ ತಿರುಳನ್ನು ತಿಳಿಸಿದರು. ಅಮೆರಿಕದ ಕೂಯ್ಕ್ಲಿಂಗ್ 1889ರಲ್ಲಿ ನಗರದ ಚರಂಡಿಗಳ ಲೆಕ್ಕಕ್ಕೆ ಅದನ್ನು ಅಳವಡಿಸಿದರು. ಮಳೆಯ ತೀವ್ರತೆ, ವಿಸ್ತೀರ್ಣ ಮತ್ತು ನೆಲದ ಹರಿವಿನ ಗುಣಾಂಕ, ಈ ಮೂರನ್ನೂ ಗುಣಿಸಿದರೆ ಹರಿವಿನ ಪ್ರಮಾಣ ಸಿಗುತ್ತದೆ. ಬಿದ್ದ ನೀರಿನಲ್ಲಿ ಎಷ್ಟು ಭಾಗ ಇಂಗದೆ ಹರಿದು ಹೋಗುತ್ತದೆ ಎಂಬುದೇ ಗುಣಾಂಕ. ಕಾಂಕ್ರೀಟಿಗೆ ಅದು ಸುಮಾರು 0.9. ಗಿಡಗಳಿರುವ ತೋಟದ ಮಣ್ಣಿಗೆ 0.3 ಎಂದು ಇಟ್ಟುಕೊಳ್ಳಬಹುದು. ಮಣ್ಣು ಮರಳಾಗಿದ್ದರೆ ಇನ್ನೂ ಕಡಿಮೆ, ಜೇಡಿಯಾಗಿದ್ದರೆ ಹೆಚ್ಚು.

ನಿಮಿಷಕ್ಕೆ ಒಂದು ಮಿಮೀನಂತೆ ಜೋರು ಮಳೆ ಸುರಿಯುತ್ತಿದೆ ಎನ್ನೋಣ. ನಮ್ಮ 111 ಚದರ ಮೀಟರ್ ನಿವೇಶನವೆಲ್ಲ ಚಾವಣಿ ಮತ್ತು ಕಾಂಕ್ರೀಟಿನಿಂದ ಮುಚ್ಚಿದ್ದರೆ ನಿಮಿಷಕ್ಕೆ ಸುಮಾರು 100 ಲೀಟರ್ ನೀರು ಹರಿಯುತ್ತದೆ. ಅದೇ ನಿವೇಶನ ಬರಿಯ ತೋಟವಾಗಿದ್ದರೆ ಸುಮಾರು 33 ಲೀಟರ್. ಮನೆ ಕಟ್ಟಿದ ಮಾತ್ರಕ್ಕೆ ಅದೇ ಜಾಗದ ನೀರು ಮೂರು ಪಟ್ಟಾಯಿತು. ನಿಮಿಷಕ್ಕೆ 100 ಲೀಟರ್ ಎಂದರೆ ಆರು ಸೆಕೆಂಡಿಗೆ 10 ಲೀಟರಿನ ಒಂದು ಬಕೆಟ್. ಈ ಬಕೆಟ್‌ಗಳನ್ನು ಎಲ್ಲಿ ಸುರಿಯಬೇಕು ಎಂಬ ಪ್ರಶ್ನೆಗೆ ನಕ್ಷೆ ಉತ್ತರಿಸುವುದಿಲ್ಲ.

ಗೋಡೆಯ ಬುಡದಲ್ಲಿ ನಡೆಯುವುದೇನು?

ಪಾಯಕ್ಕಾಗಿ ಅಗೆಯುವ ಕಾಲುವೆ ಗೋಡೆಗಿಂತ ಅಗಲವಾಗಿರುತ್ತದೆ. ಗೋಡೆ ಎದ್ದ ಮೇಲೆ ಉಳಿದ ಸಂದನ್ನು ಅಗೆದ ಮಣ್ಣಿನಿಂದಲೇ ತುಂಬುತ್ತಾರೆ. ಆ ಮಣ್ಣಿನಲ್ಲಿ ಇಟ್ಟಿಗೆ ಚೂರು, ಮರದ ತುಂಡು, ಸಿಮೆಂಟ್ ಚೀಲ ಎಲ್ಲವೂ ಸೇರಿರುತ್ತವೆ. ಪದರ ಪದರವಾಗಿ ನೀರು ಚಿಮುಕಿಸಿ ದಮ್ಮಸು ಮಾಡುವುದು ಅಪರೂಪ. ಮೊದಲ ಮಳೆಗಾಲದಲ್ಲಿಯೇ ಈ ಸಡಿಲ ಮಣ್ಣು ಕುಸಿಯುತ್ತದೆ. ಕಟ್ಟಿದ ದಿನ ಹೊರಕ್ಕೆ ಇಳಿಜಾರಾಗಿದ್ದ ನೆಲ ಈಗ ಗೋಡೆಯ ಕಡೆಗೆ ವಾಲುತ್ತದೆ. ಮನೆಯ ಸುತ್ತ ಒಂದು ಕಣ್ಣಿಗೆ ಕಾಣದ ಕಂದಕ ಏರ್ಪಡುತ್ತದೆ. ಚಾವಣಿಯ ಪೈಪಿನ ನೀರನ್ನೂ ಬಹಳ ಮನೆಗಳಲ್ಲಿ ಇದೇ ಜಾಗದಲ್ಲಿ ಬಿಡುವುದರಿಂದ ಕಂದಕಕ್ಕೆ ನೀರಿನ ಕೊರತೆ ಇರುವುದಿಲ್ಲ.

ಅಲ್ಲಿಂದ ಮುಂದಿನ ಕೆಲಸವನ್ನು ಕೇಶಾಕರ್ಷಣೆ ಮಾಡುತ್ತದೆ. ಸೂಕ್ಷ್ಮ ನಾಳದಲ್ಲಿ ನೀರು ಏರುವ ಎತ್ತರ ನಾಳದ ತ್ರಿಜ್ಯಕ್ಕೆ ವಿಲೋಮ ಅನುಪಾತದಲ್ಲಿರುತ್ತದೆ ಎಂಬುದನ್ನು ಭೌತವಿಜ್ಞಾನದ ವಿದ್ಯಾರ್ಥಿಗಳು ಕಲಿತಿರುತ್ತಾರೆ. 0.01 ಮಿಮೀ ತ್ರಿಜ್ಯದ ನಾಳದಲ್ಲಿ ನೀರು ಸುಮಾರು ಒಂದೂವರೆ ಮೀಟರ್ ಏರಬಲ್ಲದು. ಇಟ್ಟಿಗೆ ಮತ್ತು ಗಾರೆಯಲ್ಲಿ ಇಂಥ ರಂಧ್ರಗಳು ಅಸಂಖ್ಯ. ಗೋಡೆಯ ಮೈಯಿಂದ ನೀರು ಆವಿಯಾಗುತ್ತಲೇ ಇರುವುದರಿಂದ ತೇವ ಲೆಕ್ಕದ ಎತ್ತರದವರೆಗೆ ಏರದೆ ಕೆಳಗೇ ನಿಲ್ಲುತ್ತದೆ. ಆದರೆ ಆವಿಯಾಗುವಲ್ಲೆಲ್ಲ ನೀರಿನಲ್ಲಿ ಕರಗಿದ್ದ ಲವಣ ಉಳಿದು ಬಿಳಿಯ ಪುಡಿಯಾಗಿ ಹೊರಬೀಳುತ್ತದೆ. ಒಳಗೋಡೆಯ ಬಣ್ಣ ಉಬ್ಬಿ ಸುಲಿಯುವುದು ಹೀಗೆ.

ಇಲ್ಲಿ ಮೊದಲ ಜನಪ್ರಿಯ ಸಲಹೆ ಎದುರಾಗುತ್ತದೆ: ಒಳಗೋಡೆಗೆ ನೀರುನಿರೋಧಕ ಬಣ್ಣ ಬಳಿಯಿರಿ. ಇದು ಪಾತ್ರೆ ತುಂಬಿ ಹರಿಯುವಾಗ ನಲ್ಲಿ ನಿಲ್ಲಿಸದೆ ನೆಲ ಒರೆಸಿದಂತೆ. ಬಣ್ಣ ಆವಿಯಾಗುವ ಮೈಯನ್ನು ಮುಚ್ಚುತ್ತದೆ. ತೇವ ಇನ್ನಷ್ಟು ಮೇಲಕ್ಕೆ ಏರಿ ಬಣ್ಣವಿಲ್ಲದ ಕಡೆ ಹೊರಬರುತ್ತದೆ. ಹೊರಗಿನ ನೆಲ ಸರಿಯಾಗುವವರೆಗೆ ಒಳಗಿನ ಬಣ್ಣಕ್ಕೆ ಹಾಕಿದ ಹಣ ಉಳಿಯುವುದಿಲ್ಲ.

ಎರೆಮಣ್ಣಿನ ಬೇರೆಯೇ ನಡತೆ

ವಿಜಯಪುರ, ಕಲಬುರಗಿ, ಗದಗ ಮೊದಲಾದ ಜಿಲ್ಲೆಗಳ ಎರೆಭೂಮಿಯಲ್ಲಿ ಸಮಸ್ಯೆ ತೇವಕ್ಕೆ ಮುಗಿಯುವುದಿಲ್ಲ. ಅಲ್ಲಿನ ಕಪ್ಪುಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಪದರ ಪದರವಾಗಿದ್ದು, ಪದರಗಳ ನಡುವೆ ನೀರು ಹೊಕ್ಕಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಮನೆಯ ನಡುಭಾಗದ ಕೆಳಗಿನ ಮಣ್ಣಿನಲ್ಲಿ ತೇವಾಂಶ ವರ್ಷವಿಡೀ ಹೆಚ್ಚು ಬದಲಾಗದು. ಅಂಚಿನ ಮಣ್ಣು ಮಾತ್ರ ಮಳೆಗಾಲದಲ್ಲಿ ನೆನೆದು ಗೋಡೆಯನ್ನು ಎತ್ತುತ್ತದೆ, ಬೇಸಿಗೆಯಲ್ಲಿ ಒಣಗಿ ಕೆಳಗಿಳಿಸುತ್ತದೆ. ಮನೆಯ ಮೂಲೆಗಳಲ್ಲಿ, ಬಾಗಿಲು ಕಿಟಕಿಗಳ ತುದಿಗಳಲ್ಲಿ ಓರೆಯಾಗಿ ಬಿರುಕು ಮೂಡುವುದು ಈ ಅಸಮ ಚಲನೆಯಿಂದ.

ವಿಜಯಪುರದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಮೀ. ಆಗುಂಬೆಯಲ್ಲಿ 7,000 ಮಿಮೀಗೂ ಹೆಚ್ಚು. ಆದರೂ ಅಂಗಳದ ನೀರಿನಿಂದ ಗೋಡೆಗೆ ಹೆಚ್ಚು ಅಪಾಯವಿರುವುದು ಕಡಿಮೆ ಮಳೆಯ ಎರೆನಾಡಿನಲ್ಲಿ. ಮಳೆ ಎಷ್ಟು ಎಂಬುದರ ಜೊತೆಗೆ ಮಣ್ಣು ಯಾವುದು ಎಂಬುದನ್ನೂ ಕೇಳಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಇಂಥ ಮಣ್ಣಿಗಾಗಿ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬುಡ ಉಬ್ಬಿದ ಕಂಬಗಳ ಪಾಯವನ್ನು ರೂಪಿಸಿತು. ಆಳವಾದ ಎರೆಮಣ್ಣಿನಲ್ಲಿ ಈ ಕಂಬಗಳು ನೆಲದಿಂದ ಕನಿಷ್ಠ 3.5 ಮೀಟರ್ ಕೆಳಗಿಳಿಯಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಋತುವಿನೊಂದಿಗೆ ತೇವಾಂಶ ಬದಲಾಗುವ ಪದರವನ್ನು ದಾಟಿ ನಿಲ್ಲಬೇಕೆಂಬುದು ಇದರ ಅರ್ಥ. ಸಣ್ಣ ಮನೆಗಳಿಗೆ ಈ ಖರ್ಚು ಸಾಮಾನ್ಯವಾಗಿ ನಿಲುಕುವುದಿಲ್ಲ. ಅಂಥವರಿಗೆ ಅಂಚಿನ ಮಣ್ಣು ನೆನೆಯದಂತೆ ನೋಡಿಕೊಳ್ಳುವುದೇ ಕೈಗೆಟುಕುವ ರಕ್ಷಣೆ. ಆ ರಕ್ಷಣೆ ಇರುವುದು ಅಂಗಳದಲ್ಲಿ.

ಸಂಹಿತೆ ಹೇಳುವುದು, ಹೇಳದಿರುವುದು

ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ಈ ವಿಷಯದಲ್ಲಿ ಮೌನವಾಗಿಲ್ಲ. ನಿವೇಶನದ ನೀರು ಸರಿಯಾಗಿ ಹರಿದುಹೋಗುವಂತೆ ಕಟ್ಟಡದ ಪ್ಲಿಂತ್ ಇರಬೇಕು, ಅದರ ಎತ್ತರ ಸುತ್ತಲಿನ ನೆಲದಿಂದ 450 ಮಿಮೀಗೆ ಕಡಿಮೆ ಇರಬಾರದು ಎಂದು ಅದು ವಿಧಿಸುತ್ತದೆ. ಒಳಅಂಗಳ 150 ಮಿಮೀ ಎತ್ತರದಲ್ಲಿದ್ದು ಅದರ ನೀರು ಹೊರಹೋಗುವಂತಿರಬೇಕು ಎಂಬ ಮಾತೂ ಇದೆ. ಉದ್ದೇಶ ಒಳ್ಳೆಯದು, ಅಂಕಿಗಳೂ ಸ್ಪಷ್ಟ. ಆದರೆ ಈ ಷರತ್ತಿನಲ್ಲಿ ಎತ್ತರಕ್ಕೆ ಅಂಕಿ ಇದೆ, ಇಳಿಜಾರಿಗೆ ಇಲ್ಲ. ಅಂಕಿ ಇರುವುದನ್ನು ಅಧಿಕಾರಿ ಟೇಪು ಹಿಡಿದು ಪರೀಕ್ಷಿಸಬಹುದು. ‘ಸರಿಯಾಗಿ’ ಎಂಬ ಪದವನ್ನು ಅಳೆಯಲು ಟೇಪು ಸಾಲದು. ಇದಲ್ಲದೆ ‘ಸುತ್ತಲಿನ ನೆಲ’ ಎಂದರೆ ಯಾವ ದಿನದ ನೆಲ? ಮಣ್ಣು ತುಂಬುವ ಮೊದಲಿನದೋ ಆಮೇಲಿನದೋ ಎಂಬುದು ನಕ್ಷೆಯಲ್ಲಿ ದಾಖಲಾಗದಿದ್ದರೆ 450 ಮಿಮೀ ಎಂಬ ಅಂಕಿಯೂ ಜಾರುತ್ತದೆ.

ಅಮೆರಿಕದ ವಸತಿ ಕಟ್ಟಡ ಸಂಹಿತೆಯಲ್ಲಿ ಇಳಿಜಾರಿಗೇ ಅಂಕಿ ಇದೆ. ಪಾಯದ ಗೋಡೆಯಿಂದ ಮೊದಲ 10 ಅಡಿಯಲ್ಲಿ ನೆಲ ಕನಿಷ್ಠ 6 ಅಂಗುಲ, ಎಂದರೆ ಶೇಕಡಾ 5ರಷ್ಟು ಇಳಿಯಬೇಕು. ಜಾಗ ಸಾಲದಿದ್ದರೆ ಕಾಲುವೆ ಮಾಡಬೇಕು. ಮನೆಗೆ ಹತ್ತಿರದ ಕಾಂಕ್ರೀಟಿನಂಥ ಮೈ ಶೇಕಡಾ 2ರಷ್ಟು ಹೊರಕ್ಕೆ ಇಳಿಯಬೇಕು. ಈ ನಿಯಮವನ್ನು ಹಾಗೆಯೇ ಎತ್ತಿ ಹೇಳುವ ಬರಹಗಳು ಇತ್ತೀಚೆಗೆ ಹೆಚ್ಚಾಗಿವೆ. ಆದರೆ ನಮ್ಮ 30–40ರ ನಿವೇಶನದಲ್ಲಿ ಗೋಡೆಗೂ ಕಾಂಪೌಂಡಿಗೂ ನಡುವೆ ಬಹಳವೆಂದರೆ ಒಂದು ಮೀಟರ್ ಜಾಗವಿರುತ್ತದೆ. 10 ಅಡಿಯ ಇಳಿಜಾರಿಗೆ ಜಾಗವೆಲ್ಲಿ? ಹೊರಕ್ಕೆ ಇಳಿದ ನೀರು ಕಾಂಪೌಂಡಿಗೆ ಬಡಿದು ನಿಲ್ಲುತ್ತದೆ. ಆದ್ದರಿಂದ ನಮಗೆ ಬೇಕಾದದ್ದು ಎರಡು ಇಳಿಜಾರು: ಗೋಡೆಯಿಂದ ಕಾಂಪೌಂಡಿನ ಬುಡದ ಕಾಲುವೆಗೆ ಒಂದು, ಕಾಲುವೆಯುದ್ದಕ್ಕೂ ಹಿಂದಿನಿಂದ ಗೇಟಿನ ಕಡೆಗೆ ಇನ್ನೊಂದು.

ಲೆಕ್ಕ ಹಾಕೋಣ. ಒಂದು ಮೀಟರ್ ಅಗಲದ ಗಟ್ಟಿನೆಲಕ್ಕೆ ಶೇಕಡಾ 2ರ ವಾಟ ಎಂದರೆ 2 ಸೆಂಮೀ. ಕಾಲುವೆಯ ಉದ್ದ ಸುಮಾರು 12 ಮೀಟರ್. ನೂರಕ್ಕೆ ಒಂದರ ವಾಟಕ್ಕೆ 12 ಸೆಂಮೀ. ಒಟ್ಟು 14 ಸೆಂಮೀ. ಹಿಂದಿನ ಗೋಡೆಯ ಬುಡಕ್ಕಿಂತ ಗೇಟಿನ ಬಳಿಯ ಕಾಲುವೆಯ ತಳ ಇಷ್ಟು ಕೆಳಗಿರಬೇಕು. ಬೀದಿಯ ಚರಂಡಿ ಅದಕ್ಕಿಂತಲೂ ಕೆಳಗಿರಬೇಕು. ಇಡೀ ಅಂಗಳದ ವಿಜ್ಞಾನ ಈ 14 ಸೆಂಮೀಯಲ್ಲಿದೆ. ಗಾರೆ ಕೆಲಸದವರು ‘ವಾಟ ಕೊಟ್ಟಿದ್ದೇವೆ’ ಎನ್ನುವುದು ಕಣ್ಣಂದಾಜಿನಿಂದ. 12 ಮೀಟರ್ ಉದ್ದದಲ್ಲಿ 12 ಸೆಂಮೀ ಇಳಿಕೆಯನ್ನು ಕಣ್ಣು ಗುರುತಿಸಲಾರದು; ಅದನ್ನು ಅಳೆದೇ ತಿಳಿಯಬೇಕು.

ಏರುವ ರಸ್ತೆ

ಹೀಗೆ ಕಷ್ಟಪಟ್ಟು ಪಡೆದ 14 ಸೆಂಮೀಯನ್ನು ಬೀದಿ ಕಸಿದುಕೊಳ್ಳುವುದೂ ಉಂಟು. ಹಳೆಯ ಪದರವನ್ನು ಕೆರೆಯದೆ ಅದರ ಮೇಲೆಯೇ ಹೊಸ ಡಾಂಬರು ಹಾಕುವುದು ನಮ್ಮ ಊರುಗಳಲ್ಲಿ ಸಾಮಾನ್ಯ. ಪ್ರತಿ ಪದರ 4 ಸೆಂಮೀ ದಪ್ಪವೆಂದು ಹಿಡಿದರೂ ನಾಲ್ಕು ಸಲಕ್ಕೆ ರಸ್ತೆ 16 ಸೆಂಮೀ ಏರುತ್ತದೆ. ಅಲ್ಲಿಗೆ ನಮ್ಮ ಲೆಕ್ಕದ ಇಳಿಜಾರು ಮುಗಿದು ರಸ್ತೆಯ ನೀರೇ ಅಂಗಳಕ್ಕೆ ಬರತೊಡಗುತ್ತದೆ. ಮನೆಯವರು ಗೇಟಿನ ಬಳಿ ಸಿಮೆಂಟಿನ ದಿಣ್ಣೆ ಕಟ್ಟುತ್ತಾರೆ. ದಿಣ್ಣೆ ಹೊರಗಿನ ನೀರನ್ನು ತಡೆಯುತ್ತದೆ, ಒಳಗಿನ ನೀರನ್ನೂ ತಡೆಯುತ್ತದೆ. ವಾರ ಕಳೆದರೂ ಇಳಿಯದ ಆ ನೀರಿನಲ್ಲಿ ಸೊಳ್ಳೆಯ ಮೊಟ್ಟೆ ಒಡೆದು ಮರಿ ಬೆಳೆದು ಹಾರಲು ಸಾಕಷ್ಟು ಸಮಯ ಸಿಗುತ್ತದೆ.

ಇದು ಮನೆಯವರ ತಪ್ಪಲ್ಲ, ಆದರೆ ಹೊರೆ ಅವರ ಮೇಲೆ ಬೀಳುತ್ತದೆ. ನಕ್ಷೆಗೆ ಮಂಜೂರಾತಿ ಕೊಡುವ ಕಚೇರಿ ಮತ್ತು ರಸ್ತೆ ಮಾಡಿಸುವ ಕಚೇರಿ ಒಂದೇ ಸ್ಥಳೀಯ ಸಂಸ್ಥೆಯದಾಗಿದ್ದರೂ, ರಸ್ತೆಯ ಮಟ್ಟ ಇಷ್ಟನ್ನು ಮೀರಬಾರದು ಎಂಬ ಅಂಕಿ ನಕ್ಷೆಯಲ್ಲಿ ಇಲ್ಲದಿದ್ದರೆ ಪ್ರಶ್ನಿಸಲು ಆಧಾರವೇ ಇರುವುದಿಲ್ಲ.

ದಿಕ್ಕು ನೋಡಿ ವಾಟ

ನಕ್ಷೆಯ ಖಾಲಿ ಜಾಗವನ್ನು ತುಂಬಲು ಬರುವ ಇನ್ನೊಂದು ಸಲಹೆ ವಾಸ್ತುವಿನದು: ಅಂಗಳದ ನೀರು ಈಶಾನ್ಯಕ್ಕೇ ಹರಿಯಬೇಕು. ಇದನ್ನು ಭೂಗೋಳದ ನಕ್ಷೆಯ ಮುಂದಿಟ್ಟು ನೋಡೋಣ. ಕರಾವಳಿಯ ನೆಲ ಪಶ್ಚಿಮಕ್ಕೆ ಇಳಿಯುತ್ತದೆ. ಕಾಳಿ, ಶರಾವತಿ, ನೇತ್ರಾವತಿಗಳು ಪಶ್ಚಿಮದ ಸಮುದ್ರ ಸೇರುತ್ತವೆ. ಘಟ್ಟದ ಮೇಲೆ ತುಂಗಭದ್ರಾ, ಕಾವೇರಿಗಳು ಪೂರ್ವಕ್ಕೆ ನಡೆಯುತ್ತವೆ. ಬೆಂಗಳೂರು ಒಂದು ಏಣಿನ ಮೇಲೆ ಕುಳಿತಿದೆ. ಅದರ ಒಂದು ಮಗ್ಗುಲಿನ ನೀರು ವೃಷಭಾವತಿಯಲ್ಲಿ ನೈಋತ್ಯಕ್ಕೆ ಹರಿದು ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರುತ್ತದೆ. ಹೆಬ್ಬಾಳ ಮತ್ತು ಕೋರಮಂಗಲ ಕಣಿವೆಗಳ ನೀರು ದಕ್ಷಿಣ ಪಿನಾಕಿನಿಯ ಕಡೆಗೆ ಹೋಗುತ್ತದೆ. ಒಂದೇ ಊರಿನಲ್ಲಿ ಎರಡು ದಿಕ್ಕು. ದಿಕ್ಸೂಚಿ ಎಲ್ಲ ಮನೆಗೂ ಒಂದೇ ಉತ್ತರ ಕೊಡುತ್ತದೆ, ನೆಲ ಕೊಡುವುದಿಲ್ಲ.

ವೃಷಭಾವತಿ ಕಣಿವೆಯ ಇಳುಕಲಿನಲ್ಲಿ ನೈಋತ್ಯಕ್ಕೆ ಐವತ್ತಕ್ಕೆ ಒಂದರಂತೆ ಇಳಿಯುವ 30–40ರ ನಿವೇಶನವೊಂದನ್ನು ಊಹಿಸಿಕೊಳ್ಳಿ. ಪೈಥಾಗೊರಸ್ ಪ್ರಮೇಯದಂತೆ ಅದರ ಕರ್ಣ 50 ಅಡಿ, ಸುಮಾರು 15 ಮೀಟರ್. ಈಶಾನ್ಯ ಮೂಲೆಗಿಂತ ನೈಋತ್ಯ ಮೂಲೆ 30 ಸೆಂಮೀ ಕೆಳಗಿರುತ್ತದೆ. ನೀರನ್ನು ಈಶಾನ್ಯಕ್ಕೆ ನೂರಕ್ಕೆ ಒಂದರ ವಾಟದಲ್ಲಿ ತಿರುಗಿಸಬೇಕಾದರೆ ಮೊದಲು ಆ 30 ಸೆಂಮೀ ತುಂಬಬೇಕು, ಅದರ ಮೇಲೆ ಇನ್ನೂ 15 ಸೆಂಮೀ ಏರಿಸಬೇಕು. ನೈಋತ್ಯದಲ್ಲಿ 45 ಸೆಂಮೀ ಹೊಸ ಮಣ್ಣು! ಈಶಾನ್ಯ ಮೂಲೆಯಿಂದ 45 ಸೆಂಮೀ ಎತ್ತರಿಸಿ ಕಟ್ಟಿದ ಪ್ಲಿಂತ್ ನೈಋತ್ಯದಲ್ಲಿ 75 ಸೆಂಮೀ ಕಾಣಬೇಕಾಗಿತ್ತು, ಅದು 30 ಸೆಂಮೀಗೆ ಇಳಿಯುತ್ತದೆ. ತುಂಬಿದ ಮಣ್ಣು ಮುಂದೆ ಕುಸಿಯುತ್ತದೆ. ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ, ಈಶಾನ್ಯ ಮೂಲೆಗೆ ತಲುಪಿದ ನೀರಿನ ಎದುರು ಇರುವ ಪಕ್ಕದ ನಿವೇಶನ ಇನ್ನೂ ಎತ್ತರದಲ್ಲಿದೆ. ನೀರು ಅಲ್ಲಿಂದ ಹೋಗುವುದೆಲ್ಲಿಗೆ? ಈ ಪ್ರಶ್ನೆಗೆ ದಿಕ್ಕಿನ ನಿಯಮದಲ್ಲಿ ಉತ್ತರವಿಲ್ಲ.

ಎಲ್ಲ ಕಡೆ ಕಾಂಕ್ರೀಟ್, ಎಲ್ಲ ಕಡೆ ಇಂಗುಗುಂಡಿ

ಮೂರನೆಯ ಸಲಹೆ, ಅಂಗಳವನ್ನೆಲ್ಲ ಕಾಂಕ್ರೀಟಿನಿಂದ ಮುಚ್ಚಿಬಿಡುವುದು. ಇದರಲ್ಲಿ ಅರ್ಧ ಸತ್ಯವಿದೆ. ಗೋಡೆಗೆ ತಾಗಿದ ಪಟ್ಟಿಯಲ್ಲಿ ನೀರು ಇಳಿಯದಂತೆ ಮಾಡುವುದು ಎಲ್ಲ ಮಣ್ಣಿಗೂ ಒಳ್ಳೆಯದು. ಎರೆಮಣ್ಣಿನಲ್ಲಿ ಮನೆಯ ಸುತ್ತ ಸುಮಾರು ಎರಡು ಮೀಟರ್ ಅಗಲದ ಇಂಥ ಪಟ್ಟಿ ಇರಬೇಕೆಂದು ಮಣ್ಣುವಿಜ್ಞಾನದ ಪುಸ್ತಕಗಳು ಹೇಳುತ್ತವೆ. ಆದರೆ ಪಟ್ಟಿಯಾಚೆಯ ನೆಲವನ್ನೂ ಮುಚ್ಚಿದರೆ ನಾವು ಮೊದಲು ಕಂಡ ಮೂರು ಪಟ್ಟು ನೀರು ಪಕ್ಕದ ಮನೆಗೋ ಬೀದಿಗೋ ಹೋಗುತ್ತದೆ. 2022ರ ಸೆಪ್ಟೆಂಬರ್ 4ರ ರಾತ್ರಿಯಿಂದ ಮರುದಿನ ಬೆಳಗಿನವರೆಗೆ ಬೆಂಗಳೂರಿನಲ್ಲಿ ಸುಮಾರು 130 ಮಿಮೀ ಮಳೆಯಾದಾಗ ತಗ್ಗಿನಲ್ಲಿದ್ದ ಬಡಾವಣೆಗಳು ಮುಳುಗಿದ್ದನ್ನು ಎಲ್ಲರೂ ಕಂಡರು. ಅದಕ್ಕೆ ರಾಜಕಾಲುವೆಗಳ ಒತ್ತುವರಿಯಂಥ ದೊಡ್ಡ ಕಾರಣಗಳಿದ್ದವು. ಆದರೂ ಕಾಲುವೆಗೆ ಬರುವ ನೀರಿನ ಮೊದಲ ಬಕೆಟ್ ತುಂಬುವುದು ಮನೆಮನೆಯ ಅಂಗಳದಲ್ಲಿ. ಕಾಂಕ್ರೀಟ್ ಹಾಕಿದ ಮಾತ್ರಕ್ಕೆ ವಾಟ ಸರಿಯಾಗುವುದೂ ಇಲ್ಲ. ವಾಟ ತಪ್ಪಿದ ಮಣ್ಣನ್ನು ಒಂದು ದಿನದಲ್ಲಿ ತಿದ್ದಬಹುದು, ವಾಟ ತಪ್ಪಿದ ಕಾಂಕ್ರೀಟನ್ನು ಒಡೆಯಬೇಕು.

ನಾಲ್ಕನೆಯ ಸಲಹೆ ಸದುದ್ದೇಶದ್ದು: ಇಂಗುಗುಂಡಿ. ಬೆಂಗಳೂರಿನಲ್ಲಿ 2009ರ ಕಾನೂನು ತಿದ್ದುಪಡಿಯಿಂದ ಮಳೆನೀರು ಸಂಗ್ರಹ ಹಲವು ಮನೆಗಳಿಗೆ ಕಡ್ಡಾಯವಾಯಿತು, ಅದು ಸ್ವಾಗತಾರ್ಹ. ಆದರೆ ‘ನೀರಿಂಗಿಸಿ’ ಎಂಬ ಒಂದೇ ಕರಪತ್ರವನ್ನು ಕೆಂಪುಮಣ್ಣಿಗೂ ಎರೆಮಣ್ಣಿಗೂ ಹಂಚುವುದು ಸರಿಯಲ್ಲ. ಎರೆಮಣ್ಣು ನೆನೆದು ಉಬ್ಬಿದ ಮೇಲೆ ನೀರನ್ನು ಬಹಳ ನಿಧಾನವಾಗಿ ಬಿಡುತ್ತದೆ. ಅಲ್ಲಿ ಪಾಯದ ಪಕ್ಕ ತೋಡಿದ ಗುಂಡಿ, ಗೋಡೆಯ ಬುಡಕ್ಕೆ ತಿಂಗಳುಗಟ್ಟಲೆ ನೀರುಣಿಸುವ ತೊಟ್ಟಿಯಾಗುತ್ತದೆ. ಕೆಂಪುಮಣ್ಣಿನಲ್ಲಿಯೂ ಒಂದು ಮೀಟರ್ ಸಂದಿನಲ್ಲಿ ಗುಂಡಿ ತೋಡಿದರೆ ಅದು ನಮ್ಮ ಪಾಯಕ್ಕೂ ಪಕ್ಕದವರ ಪಾಯಕ್ಕೂ ಹತ್ತಿರವೇ. ಇಂಥ ಕಡೆ ಚಾವಣಿಯ ನೀರನ್ನು ಸಂಪಿನಲ್ಲಿ ಶೇಖರಿಸಿ ಬಳಸುವುದೇ ವಿವೇಕ. ಇಂಗಿಸುವುದಾದರೆ ಪಾಯದಿಂದ ದೂರದ, ತಗ್ಗಿನ ಜಾಗದಲ್ಲಿ ಇಂಗಿಸಬೇಕು.

ಹಳೆಯ ಮನೆಗಳು ಮಾಡಿದ್ದೇನು?

ಕರಾವಳಿ ಮತ್ತು ಮಲೆನಾಡಿನ ಹಳೆಯ ಮನೆಗಳಲ್ಲಿ ಸೂರು ಗೋಡೆಯಿಂದ ಸಾಕಷ್ಟು ಹೊರಚಾಚಿರುತ್ತದೆ. ಹೆಂಚಿನ ನೀರು ಗೋಡೆಯಿಂದ ದೂರದಲ್ಲಿ, ಸೂರಿನುದ್ದಕ್ಕೂ ಹರಡಿ ಬೀಳುತ್ತದೆ. ಒಳಗೆ ಎತ್ತರದ ಜಗಲಿ, ಹೊರಗೆ ಅದಕ್ಕಿಂತ ತಗ್ಗಿನ ಅಂಗಳ, ಅಂಗಳದಾಚೆ ನೀರು ಹೋಗುವ ಕಣಿ. ಮಣ್ಣಿನ ಗೋಡೆಯ ಬುಡ ನೆನೆದರೆ ಮನೆಯೇ ಕುಸಿಯುತ್ತಿದ್ದುದರಿಂದ ಈ ಎಚ್ಚರ ಅನಿವಾರ್ಯವಾಗಿತ್ತು. ಇದನ್ನು ನೆನೆದು ಹಳೆಯದೆಲ್ಲವೂ ಚೆನ್ನ ಎನ್ನಬೇಕಿಲ್ಲ. ಅವರಿಗೆ ವಿಶಾಲ ಜಾಗವಿತ್ತು, ಪಕ್ಕದ ಗೋಡೆ ದೂರವಿತ್ತು. ನಾವು ಗಮನಿಸಬೇಕಾದದ್ದು ಬದಲಾವಣೆಯನ್ನು. ಸೂರು ಹೋಗಿ ಸಮತಟ್ಟಾದ ಆರ್‌ಸಿಸಿ ಚಾವಣಿ ಬಂದಾಗ, ಹರಡಿ ಬೀಳುತ್ತಿದ್ದ ನೀರೆಲ್ಲ ಎರಡು ಪೈಪುಗಳಿಗೆ ಸೇರಿತು. 70 ಚದರ ಮೀಟರ್ ಚಾವಣಿಯಿಂದ, ನಿಮಿಷಕ್ಕೆ ಒಂದು ಮಿಮೀ ಮಳೆಯಲ್ಲಿ, ಒಂದೊಂದು ಪೈಪೂ ನಿಮಿಷಕ್ಕೆ 30 ಲೀಟರಿಗೂ ಹೆಚ್ಚು ನೀರನ್ನು ಗೋಡೆಯ ಬುಡದ ಒಂದೇ ಬಿಂದುವಿಗೆ ಸುರಿಯುತ್ತದೆ. ಸೂರನ್ನು ಬಿಟ್ಟೆವು, ಅದು ಮಾಡುತ್ತಿದ್ದ ಕೆಲಸವನ್ನು ಬೇರೆ ಯಾವುದಕ್ಕೂ ವಹಿಸಲಿಲ್ಲ.

ದುರಸ್ತಿಯ ಕ್ರಮ

ಈಗಾಗಲೇ ಕಟ್ಟಿದ ಮನೆಗಳಲ್ಲಿ ಕಡಿಮೆ ಖರ್ಚಿನ ಕೆಲಸದಿಂದ ಆರಂಭಿಸುವುದು ಲೇಸು. ಮೊದಲು ಮಳೆ ಬರುವಾಗ ಕೊಡೆ ಹಿಡಿದು ಹೊರಬಂದು ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಬರುತ್ತದೆ ಎಂಬುದನ್ನು ನೋಡಿ ಗುರುತು ಹಾಕಬೇಕು. ಎರಡನೆಯದಾಗಿ ಚಾವಣಿಯ ಪೈಪನ್ನು ಮುಂದುವರಿಸಿ ನೀರನ್ನು ಸಂಪಿಗೋ ಕಾಲುವೆಗೋ ಒಯ್ಯಬೇಕು. ಬಹಳ ಮನೆಗಳಲ್ಲಿ ಇಷ್ಟರಿಂದಲೇ ಅರ್ಧ ತೊಂದರೆ ಕಳೆಯುತ್ತದೆ. ಮೂರನೆಯದಾಗಿ ಗೋಡೆಯ ಬುಡದ ಕುಸಿದ ಜಾಗಕ್ಕೆ ಮಣ್ಣು ತುಂಬಿ, ಪದರ ಪದರವಾಗಿ ದಮ್ಮಸು ಮಾಡಿ ಹೊರಕ್ಕೆ ವಾಟ ಕೊಡಬೇಕು. ಇಲ್ಲಿ ಎರಡು ಎಚ್ಚರಿಕೆ ಅಗತ್ಯ. ಮರಳು ತುಂಬಬಾರದು, ಅದು ನೀರನ್ನು ನೇರ ಪಾಯಕ್ಕೆ ಇಳಿಸುತ್ತದೆ. ಗೋಡೆಯಲ್ಲಿ ತೇವ ತಡೆಯಲು ಹಾಕಿರುವ ಪದರದ ಮಟ್ಟವನ್ನು ಮಣ್ಣು ಮುಟ್ಟಬಾರದು. ಅದಕ್ಕಿಂತ ಕನಿಷ್ಠ 15 ಸೆಂಮೀ ಕೆಳಗೇ ನಿಲ್ಲಬೇಕು. ಇಲ್ಲವಾದರೆ ತೇವ ಆ ಪದರವನ್ನು ಬಳಸಿಕೊಂಡು ಮೇಲೇರುತ್ತದೆ, ಒಳ್ಳೆಯದಕ್ಕೆಂದು ಮಾಡಿದ್ದು ಕೆಡುಕಾಗುತ್ತದೆ. ನಾಲ್ಕನೆಯದು ಕಾಂಪೌಂಡಿನ ಬುಡದ ಕಾಲುವೆ. ಜಲ್ಲಿಯ ನಡುವೆ ತೂತಿನ ಪೈಪು ಹೂಳುವ ದುಬಾರಿ ಕೆಲಸ, ಇವೆಲ್ಲ ಮುಗಿದರೂ ನೀರು ನೆಲದೊಳಗಿನಿಂದ ಬರುತ್ತಿದ್ದರೆ ಮಾತ್ರ.

ಶಾಲೆಯಲ್ಲಿ ಮಾಡಬಹುದಾದದ್ದು

ದ್ರವ ತನ್ನ ಮಟ್ಟವನ್ನು ತಾನೇ ಕಂಡುಕೊಳ್ಳುತ್ತದೆ ಎಂಬುದನ್ನು ಬೇರೆ ಬೇರೆ ಆಕಾರದ ಗಾಜಿನ ನಾಳಗಳ ಚಿತ್ರದಿಂದ ನಮ್ಮ ಮಕ್ಕಳು ಕಲಿಯುತ್ತಾರೆ. ಅದೇ ತತ್ತ್ವ ಮೇಸ್ತ್ರಿಗಳ ಲೆವೆಲ್ ಪೈಪಿನಲ್ಲಿದೆ. ಹತ್ತು ಹನ್ನೆರಡು ಮೀಟರ್ ಪಾರದರ್ಶಕ ಪೈಪು, ಎರಡು ಅಳತೆಪಟ್ಟಿ, ಇಬ್ಬರು ವಿದ್ಯಾರ್ಥಿಗಳು ಇದ್ದರೆ ಶಾಲೆಯ ಅಂಗಳದ ಮಟ್ಟ ಅಳೆಯಬಹುದು. ಪೈಪಿನಲ್ಲಿ ಗಾಳಿಗುಳ್ಳೆ ಉಳಿಯದಂತೆ ನೋಡಿಕೊಳ್ಳಬೇಕು. ಎರಡೆರಡು ಮೀಟರಿಗೆ ಒಂದು ಗೂಟ ನೆಟ್ಟು, ಒಂದು ಸ್ಥಿರ ಬಿಂದುವಿಗೆ ಹೋಲಿಸಿ ಪ್ರತಿ ಗೂಟದ ಬುಡದ ಮಟ್ಟ ಬರೆದುಕೊಂಡು, ಸಮಾನ ಮಟ್ಟದ ಬಿಂದುಗಳನ್ನು ಗೆರೆಯಿಂದ ಸೇರಿಸಿದರೆ ಸಮೋನ್ನತಿ ನಕ್ಷೆ ಸಿದ್ಧ. ನೀರು ಎಲ್ಲಿ ನಿಲ್ಲುತ್ತದೆ ಎಂದು ಆ ನಕ್ಷೆ ನೋಡಿ ಮೊದಲೇ ಊಹಿಸಿ, ಮಳೆ ಬಂದಾಗ ಪರೀಕ್ಷಿಸಬಹುದು.

ಮಣ್ಣಿನ ಪರೀಕ್ಷೆಯೂ ಸುಲಭ. ಒಣಗಿಸಿ ನುಣ್ಣಗೆ ಜರಡಿ ಹಿಡಿದ ಮಣ್ಣನ್ನು 10 ಗ್ರಾಂನಂತೆ ಎರಡು 100 ಮಿಲೀ ಅಳತೆಜಾಡಿಗಳಿಗೆ ಹಾಕಿ, ಒಂದಕ್ಕೆ ನೀರನ್ನೂ ಇನ್ನೊಂದಕ್ಕೆ ಸೀಮೆಎಣ್ಣೆಯನ್ನೂ ತುಂಬಿ, ಕಲಕಿ, ಒಂದು ದಿನ ಬಿಡಬೇಕು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನಲ್ಲಿ ಅದಕ್ಕಿಂತ ಎಷ್ಟು ಹೆಚ್ಚು ಎತ್ತರಕ್ಕೆ ಮಣ್ಣು ನಿಂತಿದೆಯೋ ಅದರ ಶೇಕಡಾವಾರು ಪ್ರಮಾಣವೇ ಉಬ್ಬುವಿಕೆಯ ಸೂಚ್ಯಂಕ. ಸೀಮೆಎಣ್ಣೆ ಬಳಸುವಾಗ ಬೆಂಕಿ ಹತ್ತಿರವಿರಬಾರದು, ಶಿಕ್ಷಕರು ಜೊತೆಗಿರಬೇಕು.

ನಕ್ಷೆಯನ್ನು ಟೀಕಿಸಿ ಸುಮ್ಮನಾದರೆ ಸಾಲದು, ಏನು ಸೇರಿಸಬೇಕೆಂಬುದನ್ನೂ ಹೇಳಬೇಕು. ಅದು ದೊಡ್ಡದೇನಲ್ಲ. ಮೂರು ಬಗೆಯ ಮಟ್ಟಗಳು ಸಾಕು: ಪ್ಲಿಂತಿನ ಮಟ್ಟ, ಅಂಗಳದ ನಾಲ್ಕು ಮೂಲೆಗಳ ಮಟ್ಟ, ಬೀದಿ ಚರಂಡಿಯ ತಳದ ಮಟ್ಟ. ಇವನ್ನು ಒಂದೇ ಸ್ಥಿರ ಬಿಂದುವಿನಿಂದ ಅಳೆದು ಬರೆದು, ನೀರು ಹೋಗುವ ದಾರಿಗೆ ಒಂದು ಬಾಣದ ಗುರುತು ಹಾಕಬೇಕು. ಆರು ಅಂಕಿ, ಒಂದು ಬಾಣ. ನಕ್ಷೆ ಬರೆಯುವವರಿಗೆ ಇದು ಅರ್ಧ ದಿನದ ಕೆಲಸ. ಮನೆ ಕಟ್ಟಿಸುವ ಪ್ರತಿಯೊಬ್ಬರೂ ಅದನ್ನು ಕೇಳಿ ಪಡೆಯಬಹುದು. ಮಂಜೂರಾತಿ ಕೊಡುವವರು ಅದಿಲ್ಲದ ನಕ್ಷೆಯನ್ನು ಹಿಂದಿರುಗಿಸಬಹುದು. ಅಲ್ಲಿಯವರೆಗೆ ಲೆವೆಲ್ ಪೈಪು ಹಿಡಿದ ಒಂಬತ್ತನೆಯ ತರಗತಿಯ ಇಬ್ಬರು ಮಕ್ಕಳು, ಆ ನಕ್ಷೆ ಹೇಳದ್ದನ್ನು ತಮ್ಮ ಬೀದಿಯ ಮನೆಗಳಿಗೆ ಹೇಳಬಲ್ಲರು.